ಬೋಗುಣಿ, ನೀರು, ಅರಿವಿ: ಪಾದ ತೊಳೆಯುವ ಸೇವೆಯನ್ನು ಓಣಿಗೆ ಒಯ್ಯುವ ಬಗೆ

ಪವಿತ್ರ ಗುರುವಾರದ ಸಂಜೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಥೋಲಿಕ ಚರ್ಚುಗಳಲ್ಲಿ ಹನ್ನೆರಡು ಮಂದಿ ಸಾಲಾಗಿ ಕೂರುತ್ತಾರೆ. ಗುರುಗಳು ಮೇಲಿನ ಉಡುಪು ಕಳಚಿ, ಸೊಂಟಕ್ಕೆ ಅರಿವಿ ಕಟ್ಟಿಕೊಂಡು, ಮೊಣಕಾಲೂರಿ ಒಬ್ಬೊಬ್ಬರ ಪಾದಕ್ಕೂ ನೀರು ಹಾಕಿ ಒರೆಸುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ ಆ ಸಾಲಿನಲ್ಲಿ ಹೆಣ್ಣುಮಕ್ಕಳಿಗೂ ಜಾಗ ಸಿಕ್ಕಿದೆ. ಕೆಲವು ಪ್ರೊಟೆಸ್ಟಂಟ್ ಸಭೆಗಳಲ್ಲೂ ಆ ರಾತ್ರಿ ಇದು ನಡೆಯುತ್ತದೆ. ಈ ಆರಾಧನೆಯ ಮೇಲೆ ನನಗೆ ತುಂಬ ಗೌರವ. ಆದರೆ ಯೋಹಾನನ ಸುವಾರ್ತೆಯ 13ನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅಲ್ಲಿರುವುದು ಕೆಲಸದ ಒಂದು ಕ್ರಮ: ಊಟದಿಂದ ಏಳುವುದು, ಮೇಲುಬಟ್ಟೆ ತೆಗೆದಿಡುವುದು, ಅರಿವಿ ಕಟ್ಟಿಕೊಳ್ಳುವುದು, ಬೋಗುಣಿಗೆ ನೀರು ಹೊಯ್ಯುವುದು, ತೊಳೆಯುವುದು, ಒರೆಸುವುದು. ಆ ಪಾದಗಳು ದಿನವಿಡೀ ಧೂಳಿನಲ್ಲಿ ನಡೆದು ಬಂದವು. ಸ್ವಲ್ಪ ಹೊತ್ತಿನಲ್ಲೇ ಹಿಡಿದುಕೊಡಲು ಹೊರಟಿದ್ದ ಯೂದನ ಪಾದಗಳೂ ಅವುಗಳಲ್ಲಿ ಇದ್ದವು. ಕೊನೆಗೆ ಯೇಸು ಹೇಳಿದ್ದು, ನೀವೂ ಒಬ್ಬರ ಪಾದವನ್ನೊಬ್ಬರು ತೊಳೆಯಬೇಕು ಎಂದು. ವರ್ಷಕ್ಕೊಮ್ಮೆ ಎಂದು ಅಲ್ಲಿ ಎಲ್ಲೂ ಬರೆದಿಲ್ಲ.

ನಮ್ಮ ಕಡೆ ನಿಜವಾಗಿ ತೊಳೆಸಿಕೊಳ್ಳಬೇಕಾದ ಪಾದಗಳು ಬೇಕಾದಷ್ಟಿವೆ. ಇಳಕಲ್ಲು, ಗುಳೇದಗುಡ್ಡದಲ್ಲಿ ಕುಣಿ ಮಗ್ಗದಲ್ಲಿ ಕೂತು ಇಡೀ ದಿನ ಕಾಲಿಂದ ಹಲಿಗೆ ತುಳಿಯುವ ನೇಕಾರರು. ಜಮಖಂಡಿ, ಮುಧೋಳ, ಅಥಣಿ ಕಡೆ ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿಸಿಕೊಳ್ಳುವ ಕಬ್ಬು ಕಡಿಯುವವರು. ಯುಗಾದಿಗೆ ಮೊದಲು ಕಂಬಿ ಹೊತ್ತು ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವ ಭಕ್ತರು. ಕುಷ್ಠರೋಗದ ಔಷಧ ಮುಗಿಸಿ ವಾಸಿಯಾದರೂ ಪಾದದ ಸ್ಪರ್ಶ ಮರಳಿ ಬಾರದವರು. ಇವರೆಲ್ಲರ ನಡುವೆ, ಮನೆಮನೆಯಲ್ಲಿ, ಸಕ್ಕರೆ ಜಡ್ಡು ಇದ್ದವರು. ಊರಿಗಾಗಿ ಏನಾದರೂ ಮಾಡಬೇಕು ಎನ್ನುವ ಸಭೆಗೆ ನಾನು ಮೊದಲು ಸೂಚಿಸುವುದು ಈ ಪಾದಗಳ ಆರೈಕೆಯನ್ನೇ. ಖರ್ಚು ಕಡಿಮೆ, ಕಲಿಯಲು ಎರಡು ಮಧ್ಯಾಹ್ನ ಸಾಕು, ಉಳಿಯುವುದು ಒಬ್ಬರ ಕಾಲು. ಒಂದೇ ಷರತ್ತು, ಕ್ರಮ ತಪ್ಪಬಾರದು. ಪ್ರೀತಿಯಿಂದಲೇ ಮಾಡಿದರೂ ತಪ್ಪಾಗಿ ಮಾಡಿದರೆ ಈ ಸೇವೆ ಗಾಯ ಮಾಡುತ್ತದೆ.

ಮೊದಲು ಕಾರಣ ತಿಳಿದಿರಲಿ. ಬಹುಕಾಲ ಸಕ್ಕರೆ ಹತೋಟಿ ತಪ್ಪಿದ್ದರೆ ಪಾದದ ನರಗಳು ಸೋಲುತ್ತವೆ. ಕುಷ್ಠದ ರೋಗಾಣು ನೇರವಾಗಿ ನರಕ್ಕೇ ಕೈಹಾಕುತ್ತದೆ. ಎರಡರಲ್ಲೂ ಕಳೆದುಹೋಗುವುದು ನೋವು. ಮುಳ್ಳು ಮುರಿದು ಒಳಗೇ ಉಳಿದರೂ, ಚಪ್ಪಲಿಯ ಮೊಳೆ ಚುಚ್ಚುತ್ತಿದ್ದರೂ ಮನುಷ್ಯ ಕುಂಟದೆ ನಡೆಯುತ್ತಲೇ ಇರುತ್ತಾನೆ. ಬೆವರು ಬತ್ತಿ ಚರ್ಮ ಒಣಗಿ ಹಿಂಬಡ ಬಿರಿಯುತ್ತದೆ. ಭಾರ ಬೀಳುವ ಜಾಗದಲ್ಲಿ ಆಣಿ ಕಟ್ಟುತ್ತದೆ, ಆಣಿ ಗಟ್ಟಿಯಾದಷ್ಟೂ ಅದರ ಕೆಳಗಿನ ಮೆದು ಮಾಂಸದ ಮೇಲೆ ಒತ್ತಡ ಹೆಚ್ಚಿ ಒಳಗೇ ಹುಣ್ಣಾಗುತ್ತದೆ. ಕುಷ್ಠ ಬಂದವರ ಕೈಕಾಲು ತಾನಾಗಿ ಕೊಳೆತು ಬೀಳುತ್ತದೆ ಎಂದು ಜನ ನಂಬಿದ್ದ ಕಾಲದಲ್ಲಿ, 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅದು ಸುಳ್ಳೆಂದು ತೋರಿಸಿದರು: ಮಾಂಸ ಕೊಳೆಯುತ್ತಿಲ್ಲ, ನೋವಿಲ್ಲದ ಕಾಲಿಗೆ ದಿನದಿನವೂ ಪೆಟ್ಟಾಗುತ್ತಿದೆ. ರಾತ್ರಿ ಮಲಗಿದಾಗ ಇಲಿ ಬೆರಳು ಕಡಿದರೂ ಎಚ್ಚರವಾಗದ ರೋಗಿಗಳಿಗೆ ಅವರು ಬೆಕ್ಕು ಸಾಕಲು ಹೇಳಿದ್ದು ಇದೇ ಕಾರಣಕ್ಕೆ. ನಮ್ಮ ಹಳ್ಳಿಗಳಲ್ಲೂ ಇದು ನೆನಪಿರಲಿ. ರಾತ್ರಿ ಪಾದಕ್ಕೆ ಅಡುಗೆ ಎಣ್ಣೆ ಹಚ್ಚಿ ಹಾಗೇ ಮಲಗಿದರೆ ಆ ವಾಸನೆಗೆ ಇಲಿ, ಇರುವೆ ಬರುತ್ತವೆ; ಮೇಲೆ ಹತ್ತಿಯ ಕಾಲುಚೀಲ ಹಾಕಿಸಬೇಕು.

ಇನ್ನು ತಯಾರಿ. ಇಪ್ಪತ್ತು ಜನರಿಗೆ ನಾಲ್ಕು ಜಾಗ ಮಾಡಿ, ಒಂದೊಂದು ಜಾಗಕ್ಕೆ ಇಬ್ಬರು ಸೇವಕರು: ಒಬ್ಬರು ತೊಳೆಯಲು, ಒಬ್ಬರು ನೋಡಿ ಬರೆದುಕೊಳ್ಳಲು. ಒಬ್ಬರಿಗೆ ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು, ಅಂದರೆ ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ. ನೂರು ಜನರನ್ನು ಕರೆದು ದೊಡ್ಡ ಶಿಬಿರ ಮಾಡುವ ಆಸೆ ಬೇಡ. ಗದ್ದಲದಲ್ಲಿ ಬೆರಳ ಸಂದಿ ನೋಡುವ ವ್ಯವಧಾನ ಇರುವುದಿಲ್ಲ. ಒಬ್ಬರಿಗೆ ನಾಲ್ಕೈದು ಲೀಟರಿನಂತೆ ನೂರು ಲೀಟರು ಶುದ್ಧ ನೀರು. ಎಂಟು ಪ್ಲಾಸ್ಟಿಕ್ ಬೋಗುಣಿ, ಒಂದು ಬಳಕೆಯಲ್ಲಿದ್ದಾಗ ಇನ್ನೊಂದು ತೊಳೆಯಲು ಹೋಗಲಿಕ್ಕೆ. ಹಳೆಯ ಹತ್ತಿ ಧೋತರ ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿದ ಅರಿವಿ ತಲೆಗೆ ಒಂದರಂತೆ. ಒಂದೇ ಟವೆಲಿನಿಂದ ಹನ್ನೆರಡು ಜನರ ಪಾದ ಒರೆಸಿದರೆ ಬೆರಳ ಸಂದಿಯ ಬೂಷ್ಟು ರೋಗ ಹನ್ನೆರಡು ಮನೆಗೆ ಹೋಗುತ್ತದೆ, ಆರಾಧನೆಯಲ್ಲೂ ಇದನ್ನು ಗಮನಿಸುವುದು ಒಳ್ಳೆಯದು. ಬಳಸಿದ ಬೋಗುಣಿಯನ್ನು ಸೋಪಿನಿಂದ ತಿಕ್ಕಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಮತ್ತೆ ಒಳ್ಳೆಯ ನೀರಿನಲ್ಲಿ ಜಾಲಾಡಿ. ಲೀಟರು ನೀರಿಗೆ 16 ಗ್ರಾಂ ಪುಡಿ ಸಾಕು. ಪುಡಿ ಮಾತ್ರ ಹೊಸದಿರಬೇಕು, ಬಾಯಿ ತೆರೆದಿಟ್ಟ ಚೀಲದ್ದು ಕಸುವು ಕಳೆದುಕೊಂಡಿರುತ್ತದೆ. ಇವುಗಳ ಜೊತೆ ವ್ಯಾಸಲಿನ್, ಕೈಗವಸು, ಗಾಜ್ ಬಟ್ಟೆ, ಉಗುರು ಕತ್ತರಿ, ಒಂದು ಕನ್ನಡಿ, ಒಂದು ಟಾರ್ಚು.

ನೀರಿನ ಬಿಸಿಯ ವಿಷಯದಲ್ಲೇ ಅತಿ ದೊಡ್ಡ ಅಪಾಯ ಇದೆ. ಪಾದಯಾತ್ರಿಗಳು ಬಂದಾಗ ದಾರಿಯುದ್ದಕ್ಕೂ ಊರವರು ಬಿಸಿನೀರು ಕಾಯಿಸಿ, ಎಣ್ಣೆ ಹಚ್ಚಿ ಕಾಲು ತಿಕ್ಕುತ್ತಾರೆ. ಆ ದಾಸೋಹದ ಮನಸ್ಸಿನಿಂದ ನಾವು ಕ್ರೈಸ್ತರು ಕಲಿಯುವುದು ಬಹಳ ಇದೆ. ಆದರೆ ಯಾತ್ರಿಗೆ ಸಕ್ಕರೆ ಜಡ್ಡು ಇದ್ದು ಕಾಲು ಜೋಮು ಹಿಡಿದಿದ್ದರೆ ಅದೇ ಬಿಸಿನೀರು ಬೊಬ್ಬೆ ಎಬ್ಬಿಸುತ್ತದೆ. "ಹೆಂಗೈತ್ರಿ ನೀರು?" ಎಂದು ಅವರನ್ನು ಕೇಳಿ ಉಪಯೋಗವಿಲ್ಲ, ಕೊತ ಕೊತ ಕುದಿಯುವ ನೀರೂ ಅವರ ಪಾದಕ್ಕೆ ಹಿತವಾಗಿಯೇ ಇರುತ್ತದೆ. ತೊಳೆಯುವವರು ತಮ್ಮ ಮೊಣಕೈ ಅದ್ದಿ ನೋಡಬೇಕು. ಮೈಬಿಸಿಗಿಂತ ಹೆಚ್ಚಿರಬಾರದು, 37 ಡಿಗ್ರಿ ಮೇಲ್ಮಿತಿ. ಬೊಬ್ಬೆ ಇದ್ದರೆ ಒಡೆಯಬೇಡಿ, ಮೇಲಿನ ಚರ್ಮವನ್ನು ಹಾಗೇ ಬಿಟ್ಟು ಶುದ್ಧ ಬಟ್ಟೆ ಮುಚ್ಚಿ.

ಎರಡನೆಯ ತಪ್ಪು, ಎಲ್ಲ ಪಾದಗಳಿಗೂ ಒಂದೇ ಕ್ರಮ ಹಿಡಿಯುವುದು. ಕುಷ್ಠದಿಂದ ಸ್ಪರ್ಶ ಹೋದ, ಒಣಗಿ ಬಿರಿದ ಪಾದವನ್ನು ತಣ್ಣೀರಿನಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ನೆನೆಸಿಡಬೇಕು. ಉಪ್ಪು, ಸೋಪು, ಡೆಟಾಲ್ ಯಾವುದೂ ಬೇಡ. ನೆನೆದು ಮೆತ್ತಗಾದ ಗಟ್ಟಿ ಚರ್ಮವನ್ನು ಕಾಲು ತಿಕ್ಕುವ ಒರಟು ಕಲ್ಲಿನಿಂದ ಹಗುರವಾಗಿ ಉಜ್ಜಬೇಕು. ಪಾದ ಇನ್ನೂ ಹಸಿಯಿರುವಾಗಲೇ ವ್ಯಾಸಲಿನ್ ಅಥವಾ ಮನೆಯ ಕುಸುಬಿ ಎಣ್ಣೆ ಹಚ್ಚಬೇಕು. ಒಳಗೆ ಹೋದ ನೀರು ಹೊರಗೆ ಹೋಗದಂತೆ ಅದು ತಡೆಯುತ್ತದೆ. ಇದು ದಿನದ ಕೆಲಸ, ಅವರು ಮನೆಯಲ್ಲಿ ತಾವೇ ಮಾಡಿಕೊಳ್ಳಬೇಕಾದದ್ದು. ನಾವು ಮಾಡುವುದು ಕಲಿಸುವುದು, ಜೊತೆಗೆ ಕೂರುವುದು.

ಸಕ್ಕರೆ ಜಡ್ಡಿನ ಪಾದವನ್ನು ಹಾಗೆ ನೆನೆಸಿಡಬಾರದು. ಚರ್ಮ ಮೆತ್ತಗಾಗಿ ಬೆರಳ ಸಂದಿ ಬಿರಿದು ರೋಗಾಣು ಒಳಸೇರುತ್ತದೆ. ಉಗುರುಬೆಚ್ಚಗಿನ ನೀರು, ಸಾದಾ ಸೋಪು, ಎರಡು ಮೂರು ನಿಮಿಷ. ಒರೆಸುವಾಗ ಪ್ರತಿ ಬೆರಳ ಸಂದಿಯನ್ನೂ ಒತ್ತಿ ಒಣಗಿಸಬೇಕು, ತಿಕ್ಕಬಾರದು. ವ್ಯಾಸಲಿನ್ ಪಾದದ ಮೇಲೆ, ಕೆಳಗೆ, ಹಿಂಬಡಕ್ಕೆ ಮಾತ್ರ, ಸಂದಿಗೆ ಬೇಡವೇ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಒಳಕ್ಕೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಅಂಗಡಿಯ ಆಣಿ ಪಟ್ಟಿ ಅಂಟಿಸುವುದು ಎರಡನ್ನೂ ಬಿಡಿಸಬೇಕು. ಆ ಪಟ್ಟಿಯಲ್ಲಿ ಆಮ್ಲ ಇರುತ್ತದೆ, ಅದು ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಕೈಗವಸಿನ ಬಗ್ಗೆ ಸಭೆಗಳಲ್ಲಿ ಚರ್ಚೆ ಬರುತ್ತದೆ. ಗಾಯವಿದ್ದರೆ ಯಾರದ್ದೇ ಪಾದವಿರಲಿ ಗವಸು ಹಾಕಿ, ಅದು ಇಬ್ಬರಿಗೂ ರಕ್ಷಣೆ. ಗಾಯವಿಲ್ಲದ ಪಾದಕ್ಕೆ ಬರಿಗೈಯೇ ಸರಿ. ಕುಷ್ಠ ಮುಟ್ಟಿದರೆ ಹರಡುವುದಿಲ್ಲ, ಔಷಧ ಶುರುವಾದ ಮೇಲಂತೂ ರೋಗಿಯಿಂದ ಬೇರೆಯವರಿಗೆ ಅಪಾಯವೇ ಇರುವುದಿಲ್ಲ. ಸಕ್ಕರೆ ಜಡ್ಡಿನವರಿಗೆ ಬರಿಗೈ, ಕುಷ್ಠ ವಾಸಿಯಾದವರಿಗೆ ಮಾತ್ರ ಗವಸು ಎಂದು ಮಾಡಿದರೆ ಅವರು ಅದನ್ನು ಆ ಕ್ಷಣವೇ ಗುರುತಿಸುತ್ತಾರೆ, ಇನ್ನೊಮ್ಮೆ ಬರುವುದಿಲ್ಲ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಎಷ್ಟೋ ವರ್ಷ ಯಾರೂ ಮುಟ್ಟದ ಮನುಷ್ಯನಿಗೆ ಆ ಮುಟ್ಟುವಿಕೆಯೂ ವಾಸಿಯಾಗುವುದರ ಒಂದು ಭಾಗ ಎಂದೇ ನನ್ನ ನಂಬಿಕೆ.

ಜನ ಕಾಲು ಮುಂದಿಡಲು ಒಪ್ಪುವುದೇ ಕಷ್ಟ. "ಬ್ಯಾಡ್ರೀ ಯಪ್ಪಾ, ನೀವ್ಯಾಕ ನನ್ನ ಕಾಲ ಮುಟ್ಟತೀರಿ" ಎಂಬ ಮಾತು ಪ್ರತಿ ಊರಿನಲ್ಲೂ ಕೇಳುತ್ತದೆ. ಪೇತ್ರ ಅಂದು ಹೇಳಿದ್ದೂ ಇದನ್ನೇ. ನಮ್ಮಲ್ಲಿ ಕಾಲು ಮುಟ್ಟುವುದು ಚಿಕ್ಕವರು ದೊಡ್ಡವರಿಗೆ ಕೊಡುವ ಮರ್ಯಾದೆ. ಅದರ ಹಿಂದೆ ಜಾತಿಯ ಲೆಕ್ಕವೂ ಅಡಗಿದೆ, ಯಾರು ಯಾರ ಪಾದ ಮುಟ್ಟಬಹುದು ಎಂಬುದು ಊರಿಗೆಲ್ಲ ಗೊತ್ತು. ಅದಕ್ಕೇ ಬಲವಂತ ಮಾಡಬಾರದು, ಕೇಳಬೇಕು. "ಯವ್ವಾ, ನಿಮ್ಮ ಕಾಲ ನೋಡತೀನಿ, ನಡೀತೈತೇನ್ರಿ?" ಎಂದು ಕೇಳಿ, ಹೂಂ ಅಂದ ಮೇಲೆ ಕೆಳಗೆ ಕೂತುಕೊಳ್ಳಿ. ಸೇವಕರು ನೆಲದ ಮೇಲೆ, ಬಂದವರು ಕುರ್ಚಿಯ ಮೇಲೆ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ, ಒಂದು ಪರದೆ ಕಟ್ಟಿ. ಪಾಸ್ಟರರು, ಹಿರಿಯರು, ಶಾಲೆಯ ಮಾಸ್ತರರು ಮೊದಲ ಸರದಿಯಲ್ಲಿ ಕೆಳಗೆ ಕೂರಲಿ. ಫೋಟೋ ತೆಗೆಯಬೇಡಿ. ಬಿರಿದ ಪಾದವನ್ನು ತೋರಿಸಿಕೊಳ್ಳುವುದು ಎಷ್ಟು ಸಂಕೋಚದ ವಿಷಯ ಎಂಬುದು ತೋರಿಸುವವರಿಗೇ ಗೊತ್ತು.

ಕಾಲುಂಗುರದ ಮಾತೂ ಇಲ್ಲೇ ಬರುತ್ತದೆ. ಬೆರಳು ಬಾತು ಉಂಗುರ ಬಿಗಿಯಾದರೆ ಅದು ಮಾಂಸದೊಳಗೆ ಇಳಿಯುತ್ತದೆ, ಜೋಮು ಹಿಡಿದ ಕಾಲಿಗೆ ತಿಳಿಯುವುದಿಲ್ಲ. ಆದರೆ ಅದು ಮುತ್ತೈದೆತನದ ಗುರುತು, ತೆಗೆದುಬಿಡಿ ಎಂದು ಥಟ್ಟನೆ ಹೇಳಿದರೆ ಅಕ್ಕನವರು ಎದ್ದು ಹೋಗುತ್ತಾರೆ. ಬಾಯಿ ತೆರೆದ, ಸಡಿಲಿಸಲು ಬರುವ ಉಂಗುರ ಹಾಕಿಕೊಳ್ಳಲು ಹೇಳಿ. ಗಾಯ ಆಗಿದ್ದರೆ ಮಾತ್ರ, ಮನೆಯವರ ಎದುರು, ವಾಸಿಯಾಗುವವರೆಗೆ ತೆಗೆದಿಡಲು ಕೇಳಿಕೊಳ್ಳಿ.

ತೊಳೆದು ಒರೆಸಿದ ಮೇಲೆ ಪರೀಕ್ಷೆ. ಇದಕ್ಕೆ ಯಾವ ಯಂತ್ರವೂ ಬೇಡ. ಬಲ ಯಾವುದು ಎಡ ಯಾವುದು ಎಂದು ಮೊದಲು ಅವರ ಕಾಲು ಮುಟ್ಟಿ ಗೊತ್ತುಮಾಡಿಸಿ, ಕಣ್ಣು ಮುಚ್ಚಲು ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಎರಡೂ ಪಾದದ ಹೆಬ್ಬೆರಳು, ಕಿರುಬೆರಳು, ನಡುಬೆರಳ ತುದಿಯನ್ನು ಒಂದೆರಡು ಸೆಕೆಂಡು ಮಾತ್ರ, ಗರಿ ತಾಕಿದಷ್ಟು ಹಗುರವಾಗಿ ಮುಟ್ಟಿ. ಮುಟ್ಟಿದ್ದು ತಿಳಿದಾಗ ಬಲ ಅಥವಾ ಎಡ ಎಂದು ಅವರು ಹೇಳಬೇಕು. ಒತ್ತಬಾರದು, ತಟ್ಟಬಾರದು, ತಿಳಿಯದಿದ್ದರೆ ಮತ್ತೆ ಅದೇ ಬೆರಳನ್ನು ಮುಟ್ಟಬಾರದು. ಹಾಗೆ ಮಾಡಿದರೆ ಒಳಗಿನ ಕೀಲಿಗೆ ತಾಗಿ ಸುಳ್ಳು ಉತ್ತರ ಬರಬಹುದು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಆ ಪಾದ ಸ್ಪರ್ಶ ಕಳೆದುಕೊಳ್ಳುತ್ತಿದೆ. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮಾಡುವುದೂ ಇದೇ ಕೆಲಸವನ್ನೇ. ಆಮೇಲೆ ಕೈಯ ಹಿಂಭಾಗದಿಂದ ಎರಡೂ ಪಾದದ ಬಿಸಿ ಹೋಲಿಸಿ. ಒಂದು ಕಡೆ ಮಾತ್ರ ಬಿಸಿ ಇದ್ದರೆ ಒಳಗೆ ಹುಣ್ಣು ಏಳುತ್ತಿರಬಹುದು ಎಂದು ತಿಳಿಯಿರಿ. ಟಾರ್ಚು ಹಿಡಿದು ಸಂದಿಗಳನ್ನು ನೋಡಿ. ಪಾದದ ಕೆಳಭಾಗವನ್ನು ಕನ್ನಡಿಯಲ್ಲಿ ಅವರಿಗೇ ತೋರಿಸಿ, ಮನೆಯಲ್ಲಿ ದಿನಾ ನೋಡಿಕೊಳ್ಳಲು ಅಭ್ಯಾಸವಾಗಲಿ. ಬಾಗಲು ಆಗದ ಅಜ್ಜನ ಪಾದ ನೋಡುವ ಕೆಲಸ ಮೊಮ್ಮಗಳಿಗೆ ವಹಿಸಿ. ಮೈಮೇಲೆ ಎಲ್ಲಾದರೂ ಬಣ್ಣ ತಿಳಿಯಾದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಕುಷ್ಠದ ಔಷಧ ಪುಕ್ಕಟೆ, ರೋಗದ ಬಗೆ ನೋಡಿ 6 ಅಥವಾ 12 ತಿಂಗಳು.

ಕೆಲವು ಪಾದಗಳನ್ನು ನಾವು ಇಟ್ಟುಕೊಳ್ಳಲೇಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು: ಕಪ್ಪಾದ ಬೆರಳು, ನಾರುವ ಗಾಯ, ಗಾಯದ ಸುತ್ತ ಹರಡುತ್ತಿರುವ ಕೆಂಪು, ಜ್ವರ, ತಣ್ಣಗೆ ನೀಲಿಗಟ್ಟಿದ ಪಾದ. ಇನ್ನೊಂದನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಸಕ್ಕರೆ ಜಡ್ಡಿನವರ ಪಾದ ಗಾಯವಿಲ್ಲದೆಯೇ ಕೆಂಪಾಗಿ, ಬಿಸಿಯಾಗಿ, ಬಾತಿದ್ದರೆ, ನೋವು ಹೆಚ್ಚಿಲ್ಲದಿದ್ದರೆ, ಉಳುಕಿದೆ ಎಂದು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಒಳಗೆ ಎಲುಬುಗಳೇ ಮುರಿದು ಜಾರುತ್ತಿರಬಹುದು. ತಿಕ್ಕಿದರೆ, ನಡೆದರೆ ಪಾದದ ಆಕಾರವೇ ಶಾಶ್ವತವಾಗಿ ಕೆಡುತ್ತದೆ. ಅವರನ್ನು ನಡೆಸದೆ ಗಾಡಿಯಲ್ಲಿ ಕೂರಿಸಿ ಕಳಿಸಿ. ಅದಕ್ಕಾಗಿ ಆ ದಿನ ಒಂದು ವಾಹನ, ಒಬ್ಬ ಜೊತೆಗಾರ, ಸ್ವಲ್ಪ ಕೈಗಾಸು ಸಿದ್ಧವಿರಲಿ. ಒಳ್ಳೆಯ ಸಮಾರ್ಯದವನೂ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿ ಅಲ್ಲಿಗೇ ಬಿಡಲಿಲ್ಲ. ತನ್ನ ಪಶುವಿನ ಮೇಲೆ ಹತ್ತಿಸಿ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಾದರೆ ಮರಳಿ ಬಂದಾಗ ಕೊಡುತ್ತೇನೆ ಎಂದ.

ಪಾದದಡಿಯ ಗಾಯ ಒಣಗದಿರುವುದಕ್ಕೆ ಮುಖ್ಯ ಕಾರಣ ಅದರ ಮೇಲೇ ನಡೆಯುವುದು. ತಂಬಾಕಿನ ಪುಡಿ, ಸುಣ್ಣ, ಅರಿಶಿಣ ಮೆತ್ತುವುದನ್ನು ನಿಲ್ಲಿಸಿದರೂ, ದುಬಾರಿ ಮುಲಾಮು ತಂದರೂ, ಭಾರ ಬೀಳುತ್ತಿರುವವರೆಗೆ ಅದು ಕೂಡುವುದಿಲ್ಲ. ದಿನಗೂಲಿಯವರಿಗೆ ಮನೆಯಲ್ಲೇ ಕೂತುಕೋ ಎನ್ನುವುದು ಸುಲಭ. ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಇಂಥ ಮಾತನ್ನೇ ಬೈಯುವುದು: ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಹೇಳಿ ಬೇಕಾದದ್ದನ್ನು ಕೊಡದಿದ್ದರೆ ಏನು ಪ್ರಯೋಜನ? ಗಾಯ ಕೂಡಲು ಬೇಕಾಗುವ ವಾರಗಳಿಗೆ ಜೋಳ, ಬೇಳೆ, ಎಣ್ಣೆ ಆ ಮನೆಗೆ ತಲುಪಿಸುವುದನ್ನು ಸಭೆ ಹೊರಲಿ. ನನ್ನ ದೃಷ್ಟಿಯಲ್ಲಿ ಸಭೆಯ ಕಾಣಿಕೆ ಹಣಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆ ಹಣದ ಲೆಕ್ಕವನ್ನು ಇಬ್ಬರು ಬರೆದು ಸಭೆಯ ಮುಂದೆ ಓದಬೇಕು. ಪೌಲನೂ ಕಾಣಿಕೆ ಸಾಗಿಸುವಾಗ ಜೊತೆಗೆ ಬೇರೆಯವರನ್ನು ಇಟ್ಟುಕೊಂಡಿದ್ದ, ಯಾರೂ ತಪ್ಪು ಹುಡುಕಬಾರದೆಂದು.

ಚಪ್ಪಲಿಗೆ ಬರೋಣ. ಜೋಮು ಹಿಡಿದ ಪಾದಕ್ಕೆ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಒಳಪದರ ಬೇಕು, ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ ಬೇಕು, ಹಿಂದೆ ಪಟ್ಟಿ ಬೇಕು. ಬೆರಳ ಸಂದಿಯಲ್ಲಿ ಗುಂಡಿ ಇರುವ ಹವಾಯಿ ಚಪ್ಪಲಿ ಬೇಡ; ಅದು ಜಾರದಂತೆ ಹಿಡಿಯಲು ಬೆರಳು ಮಡಚಬೇಕಾಗುತ್ತದೆ, ಸಂದಿಯೂ ಸವೆಯುತ್ತದೆ. ಮೊಳೆ ಹೊಡೆದದ್ದು ಬೇಡವೇ ಬೇಡ. ಕುಷ್ಠ ವಾಸಿಯಾದವರಿಗೆ ಸರಕಾರದ ಕಾರ್ಯಕ್ರಮದಲ್ಲಿ ಇದು ಪುಕ್ಕಟೆ ಸಿಗುತ್ತದೆ, ಆರೋಗ್ಯ ಕೇಂದ್ರದಲ್ಲಿ ಕೇಳಬೇಕು. ಉಳಿದವರಿಗೆ ನಮ್ಮಲ್ಲೇ ಕೈಗಳಿವೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕೊಲ್ಹಾಪುರಿ ಚಪ್ಪಲಿಯ ನಾಡಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಸೇರಿವೆ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುವವರು. ಕೊಲ್ಹಾಪುರಿಯ ಗಟ್ಟಿ ತೊಗಲು, ಹೆಬ್ಬೆರಳ ಉಂಗುರ ಈ ಪಾದಕ್ಕೆ ಆಗುವುದಿಲ್ಲ, ನಿಜ. ಆದರೆ ಎಂ.ಸಿ.ಆರ್. ಹಾಳೆ ಮತ್ತು ಅಳತೆ ಕೊಟ್ಟರೆ ನೋಡಲು ಎಲ್ಲರ ಚಪ್ಪಲಿಯಂತೆಯೇ ಇರುವುದನ್ನು ಅದೇ ಕೈಗಳು ಹೊಲಿಯಬಲ್ಲವು. ನೋಡಲು ಎಲ್ಲರದ್ದರಂತೆ ಇರುವುದು ಮುಖ್ಯ, ರೋಗದ ಗುರುತು ಹೊತ್ತ ಚಪ್ಪಲಿಯನ್ನು ಯಾರೂ ಸಂತೆಗೆ ಹಾಕಿಕೊಂಡು ಹೋಗುವುದಿಲ್ಲ. ಅಳತೆಯನ್ನು ಸಂಜೆ ತೆಗೆಯಿರಿ, ಆಗ ಪಾದ ಬಾತಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಜಾಗ ಬಿಡಿ. ಹೊಸದನ್ನು ಮೊದಲ ದಿನಗಳಲ್ಲಿ ಒಂದೆರಡು ತಾಸು ಮಾತ್ರ ಹಾಕಿ, ತೆಗೆದು ಕೆಂಪಾಗಿದೆಯೇ ನೋಡಬೇಕು. ಹಾಕುವ ಮುನ್ನ ಪ್ರತಿಸಲ ಒಳಗೆ ಕೈಯಾಡಿಸಬೇಕು.

"ಇದನ್ನ ಯಾಕ ಮಾಡತೀರಿ? ನಿಮ್ಮ ಧರ್ಮಕ್ಕ ಸೇರಸಾಕೇನು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವುದು ಅವರ ಹಕ್ಕು. ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ, ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ; ಅಂದಿನಿಂದ ಈ ಪ್ರಶ್ನೆಯೂ ನಮ್ಮ ಜೊತೆಗಿದೆ. ಕರಪತ್ರ ಹಂಚಬೇಡಿ, ತೊಳೆಯುವಾಗ ಉಪದೇಶ ಮಾಡಬೇಡಿ, ಪ್ರಾರ್ಥನೆಯನ್ನು ಸೇವಕರು ಮೊದಲೇ ತಮ್ಮೊಳಗೆ ಮುಗಿಸಿ ಬನ್ನಿ. ಯೇಸು ನಮ್ಮ ಪಾದ ತೊಳೆದ, ಅದಕ್ಕೇ ಮಾಡುತ್ತೇವೆ ಎಂಬ ಒಂದು ಮಾತಿನ ಉತ್ತರ ಸಾಕು. ಆಶಾ ಕಾರ್ಯಕರ್ತೆ, ಮಠದವರು, ಜಮಾತಿನವರು ಜೊತೆಗೂಡಿದರೆ ಇನ್ನೂ ಒಳ್ಳೆಯದು, ಅವರ ಅಂಗಳದಲ್ಲೇ ಕೂತು ಮಾಡಿ.

ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡಿ: ಆರು ಬೆರಳ ಫಲಿತಾಂಶ, ಮುಂದಿನ ತಾರೀಕು. ಸ್ಪರ್ಶ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಸ್ಪರ್ಶ ಹೋಗಿದ್ದರೆ ಆರು ತಿಂಗಳಿಗೆ, ಪಾದದ ಆಕಾರವೂ ಕೆಟ್ಟಿದ್ದರೆ ಮೂರು ತಿಂಗಳಿಗೆ, ಹಿಂದೆ ಹುಣ್ಣಾಗಿ ವಾಸಿಯಾಗಿದ್ದರೆ ಒಂದರಿಂದ ಮೂರು ತಿಂಗಳೊಳಗೆ. ಹೆಚ್ಚಿನ ಸಭೆಗಳ ಸೇವೆ ನಿಂತುಹೋಗುವುದು ಈ ಎರಡನೇ ಭೇಟಿಯಲ್ಲೇ.

ಆ ಭೇಟಿಗೆ ಮನೆಗೆ ಹೋದಾಗ ಚಪ್ಪಲಿ ಹೊಸದರಂತೆಯೇ ಬಾಗಿಲ ಹೊರಗೆ ಕೂತಿರುವುದು ಕಾಣಬಹುದು. ಬೈಯಬೇಡಿ, ಕೇಳಿ. ಮನೆಯೊಳಗೆ, ಅಡುಗೆಮನೆಗೆ, ದೇವರ ಮುಂದೆ ಚಪ್ಪಲಿ ಹಾಕುವುದು ನಮ್ಮಲ್ಲಿ ಇಲ್ಲ. ದಿನದ ಬಹುಪಾಲು ಹೊತ್ತು ಹೆಣ್ಣುಮಕ್ಕಳು ಇರುವುದು ಒಳಗೇ. ಒಲೆಯ ಕೆಂಡ, ಈಳಿಗೆ, ಬಿದ್ದ ಸೂಜಿ ಇರುವುದೂ ಅಲ್ಲೇ. ಅದಕ್ಕೆ ಎರಡು ಜೊತೆ ಬೇಕು. ಒಳಗಿನದು ಹೊರಗಿನ ನೆಲ ಮುಟ್ಟಬಾರದು, ಬೇರೆ ಬಣ್ಣದ್ದಿರಲಿ, ವಾರಕ್ಕೊಮ್ಮೆ ತೊಳೆಯಲಿ. ಅತ್ತೆಯವರಿಗೂ ಇದು ಔಷಧ ಎಂದು ನೀವೇ ಹೇಳಿಬನ್ನಿ.

ನಮ್ಮ ಚರ್ಚುಗಳ ಬಾಗಿಲಲ್ಲೂ ಇದೇ ತೊಡಕು. ಹಳ್ಳಿಗಳಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ. ಏಪ್ರಿಲ್ ಬಿಸಿಲಿಗೆ ಕಾದ ಕಲ್ಲಿನ ಮೆಟ್ಟಿಲ ಮೇಲೆ ಜೋಮು ಹಿಡಿದ ಪಾದ ನಾಲ್ಕು ಹೆಜ್ಜೆಗೇ ಸುಡುತ್ತದೆ. ಮೋಶೆಗೆ ಕೆರ ಕಳಚಲು ದೇವರೇ ಹೇಳಲಿಲ್ಲವೇ ಎಂದು ಹಿರಿಯರೊಬ್ಬರು ಕೇಳಬಹುದು. ಮೋಶೆಯ ಪಾದಕ್ಕೆ ನೋವು ತಿಳಿಯುತ್ತಿತ್ತು ಎಂದು ಗೌರವದಿಂದಲೇ ಹೇಳಿ. ಸಭೆಯ ಕಮಿಟಿಯಲ್ಲಿ ಇದನ್ನು ಇಟ್ಟು ಠರಾವು ಮಾಡಿಸಿ: ಪಾದದ ತೊಂದರೆ ಇದ್ದವರು ಒಳಗಿನ ಚಪ್ಪಲಿ ಹಾಕಿಕೊಂಡೇ ಆರಾಧನೆಗೆ, ಪ್ರಭುಭೋಜನಕ್ಕೆ ಬರಬಹುದು. ಬಾಗಿಲ ಪಕ್ಕ ನೆರಳಿನಲ್ಲಿ ಒಂದು ಬೆಂಚು ಹಾಕಿ, ಕೂತು ಬದಲಿಸಿಕೊಳ್ಳಲು. ಒಳಗಿನ ಜೊತೆಗಳನ್ನು ಹೆಸರು ಬರೆದ ಬಟ್ಟೆಯ ಚೀಲದಲ್ಲಿಟ್ಟು ಅಲ್ಲೇ ಗೂಟಕ್ಕೆ ತೂಗುಹಾಕಿ. ಶನಿವಾರ ಚರ್ಚು ಗುಡಿಸುವವರು ಮೆಟ್ಟಿಲ ಮೇಲಿನ ಜಾಲಿ ಮುಳ್ಳು, ಗಾಜಿನ ಚೂರನ್ನೂ ನೋಡಿ ತೆಗೆಯಲಿ.